ಹಳೆಯ ಎಂಜಿನ್ನಿಗೆ ಮರುಜನ್ಮ

ಖಾನಾಪುರ ದಾಟಿ ಲೋಂಡಾ ಕಡೆಗೆ ಹೊರಟರೆ ಗುಂಜಿ ಸಿಗುತ್ತದೆ. ಸುತ್ತ ಕಾಡು, ಮಳೆಗಾಲದಲ್ಲಿ ಬಿಡುವಿಲ್ಲದ ಮಳೆ. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ದೊಡ್ಡ ಆಸ್ಪತ್ರೆಗೆ ಬೆಳಗಾವಿಯವರೆಗೆ ಓಡಬೇಕು. ಇಂಥ ಕಡೆ ಅಂಗಳದಲ್ಲಿರುವ ಹಳೆಯ ಅಂಬಾಸಡರ್ ಕೀಲಿ ತಿರುಗಿಸಿದೊಡನೆ ಚಾಲೂ ಆಗಲೇಬೇಕು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಈ ಕಾರನ್ನು ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ದಶಕಗಳ ಕಾಲ ಅದಕ್ಕಿದ್ದದ್ದು 1,489 ಸಿ.ಸಿ. ಪೆಟ್ರೋಲ್ ಎಂಜಿನ್. ಎರಕದ ಕಬ್ಬಿಣದ ಈ ಗಟ್ಟಿ ಎಂಜಿನ್ ಸವೆದರೆ ಬಿಚ್ಚಿ, ಬೋರ್ ಮಾಡಿಸಿ, ಮತ್ತೆ ಕಟ್ಟಬಹುದು.

ಬಿಚ್ಚುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಕಂಪ್ರೆಷನ್ ಕಡಿಮೆಯಿದ್ದರೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್‌ಗಳನ್ನು ಸಂಶಯಿಸಬೇಕು.

ಬೋರ್ ಮಾಡಿಸುವಾಗ ಅವಸರ ಕೂಡದು. ಮೊದಲು ಪಿಸ್ಟನ್ ಕೊಂಡು, ಅದರ ಅಳತೆಗೆ ಸಿಲಿಂಡರ್ ಕೊರೆಸಬೇಕು. ಪ್ರತಿ ಸಲವೂ ಗೋಡೆ ತೆಳುವಾಗುವುದರಿಂದ ಅಗತ್ಯಕ್ಕಿಂತ ಹೆಚ್ಚು ಕೊರೆಸಿದರೆ ಮುಂದಿನ ರಿಪೇರಿಗೆ ಜಾಗವೇ ಉಳಿಯದು. ಕ್ರ್ಯಾಂಕ್‌ಶಾಫ್ಟ್ ಉಜ್ಜಿಸಿದರೆ ಅದಕ್ಕೆ ತಕ್ಕ ಅಳತೆಯ ಬೇರಿಂಗ್ ಬೇಕು. ಫೌಂಡ್ರಿ ಮತ್ತು ಲೇತ್‌ಗಳಿಗೆ ಹೆಸರಾದ ಬೆಳಗಾವಿಯ ಉದ್ಯಮಬಾಗ್ ಇಲ್ಲಿಯವರಿಗೆ ಹತ್ತಿರದಲ್ಲೇ ಇದೆ.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ವಾಲ್ವ್ ಸೀಟಿನ ಮೇಲೆ ತೆಳು ಪದರವಾಗಿ ಕುಳಿತು ಸವೆತ ತಡೆಯುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸ ಹೋಯಿತು. ಆದ್ದರಿಂದ ಹೆಡ್ ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟ್ ಕೂರಿಸುವುದು ಒಳಿತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ಬರುವ ಈ ಎಥೆನಾಲ್ ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆಗಳನ್ನು ತಿನ್ನುತ್ತದೆ. ಅವನ್ನೂ ಬದಲಿಸಬೇಕು.

ಶಕ್ತಿ ಹೆಚ್ಚಿಸುವ ಆಸೆ ಬೇಡ. ಕುಟುಂಬದ ಗಾಡಿಗೆ ಬೇಕಾದದ್ದು ಸ್ವಚ್ಛ ರೇಡಿಯೇಟರ್, ಸರಿಯಾದ ಆಯಿಲ್ ಒತ್ತಡ, ಬಿಗಿಯಾದ ಗ್ಯಾಸ್ಕೆಟ್. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಭಾರ ಹೇರದೆ ಓಡಿಸಿ, ಆಯಿಲ್ ಬದಲಿಸಬೇಕು. ಈ ಕೆಲಸವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿಕೊಂಡರೆ, ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಗಾಡಿ ಆ ಸಾವಿರ ಕಿಲೋಮೀಟರನ್ನೂ ದಾಟಿರುತ್ತದೆ.