ಐರ್ಲೆಂಡಿನ ಸಿರಿ ಯಾರದು?

ಒಂದು ಕಾಲಕ್ಕೆ ಹೊಟ್ಟೆಪಾಡಿಗಾಗಿ ತನ್ನ ಮಕ್ಕಳನ್ನು ಅಮೆರಿಕೆಗೆ ಕಳುಹಿಸುತ್ತಿದ್ದ ಐರ್ಲೆಂಡಿನಲ್ಲಿ ಇಂದು ಅಮೆರಿಕೆಯ ಔಷಧ, ಕಂಪ್ಯೂಟರ್ ಕಂಪನಿಗಳೇ ಬಂದು ನೆಲೆಸಿವೆ. 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದುದು, ಇಂಗ್ಲಿಷ್ ಬಲ್ಲ ಸುಶಿಕ್ಷಿತ ಯುವಜನತೆ, ಎಲ್ಲಕ್ಕೂ ಮಿಗಿಲಾಗಿ 2003ರಲ್ಲಿ ಶೇ. 12.5ಕ್ಕೆ ಇಳಿದ ಕಂಪನಿ ತೆರಿಗೆ ಇದಕ್ಕೆ ಕಾರಣ. ಆದರೆ 2015ರಲ್ಲಿ ಕೆಲವು ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದಾಗ ದೇಶದ ಒಟ್ಟು ಉತ್ಪನ್ನವು ಒಂದೇ ವರ್ಷದಲ್ಲಿ ಕಾಲು ಭಾಗಕ್ಕೂ ಹೆಚ್ಚು ಏರಿತು! ದುಡಿಯುವವನ ಕಣಜಕ್ಕೆ ಅಷ್ಟು ಕಾಳು ಬಿದ್ದಿರಲಿಲ್ಲ. ಅಲ್ಲಿನ ಅಂಕಿಅಂಶ ಕಚೇರಿ ಬೇರೆ ಅಳತೆಗೋಲನ್ನೇ ರೂಪಿಸಬೇಕಾಯಿತು.

2024ರಿಂದ ಬೃಹತ್ ಕಂಪನಿಗಳಿಗೆ ತೆರಿಗೆ ಶೇ. 15. ಅದೇ ವರ್ಷ ಯುರೋಪಿನ ನ್ಯಾಯಾಲಯವು ಆ್ಯಪಲ್ ಕಂಪನಿ 1,300 ಕೋಟಿ ಯೂರೋ ಹಳೆಯ ತೆರಿಗೆಯನ್ನು ತೆರಬೇಕೆಂದು ತೀರ್ಪಿತ್ತಿತು. ವಿಚಿತ್ರವೆಂದರೆ, ಆ ಹಣ ತನಗೆ ಸಲ್ಲತಕ್ಕದ್ದಲ್ಲವೆಂದು ವರ್ಷಗಟ್ಟಲೆ ವಾದಿಸಿದ್ದು ಅದನ್ನು ಪಡೆಯಬೇಕಾಗಿದ್ದ ಐರ್ಲೆಂಡ್ ಸರಕಾರವೇ!