ಮಾಂಟ್‌ಸೆರಾಟ್: ಒಂದು ಅಗ್ನಿದ್ವೀಪದ ಭೂರಚನೆ ಮತ್ತು ರಾಜಕೀಯ ಚರಿತ್ರೆ

ನಾಡೊಂದರ ಚರಿತ್ರೆಯನ್ನು ಬರೆಯುವವರು ಮೊದಲ ಅಧ್ಯಾಯದಲ್ಲಿ ಅದರ ಬೆಟ್ಟ, ಹೊಳೆ, ಹವೆಗಳನ್ನು ವರ್ಣಿಸಿ, ಎರಡನೆಯ ಅಧ್ಯಾಯದಿಂದ ಅವುಗಳನ್ನು ಮರೆತುಬಿಡುವುದು ವಾಡಿಕೆ. ಈ ವಾಡಿಕೆ ಎಷ್ಟು ದೋಷಯುಕ್ತವೆಂಬುದಕ್ಕೆ ಕರೀಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪವು ನಿದರ್ಶನವಾಗಿದೆ. ಬ್ರಿಟನ್ನಿನ ಅಧೀನದಲ್ಲಿರುವ ಈ ದ್ವೀಪಕ್ಕೆ ವಿಧ್ಯುಕ್ತ ರಾಜಧಾನಿ ಇಂದಿಗೂ ಪ್ಲಿಮತ್ ಪಟ್ಟಣವೇ. ಆದರೆ ಅಲ್ಲಿ ಒಬ್ಬ ನಿವಾಸಿಯೂ ಇಲ್ಲ. ಪಟ್ಟಣವು ಬೂದಿ ಬಂಡೆಗಳಡಿಯಲ್ಲಿ ಹೂತುಹೋಗಿದೆ. ರಾಜಧಾನಿಯು ಅಗ್ನಿಪರ್ವತದ ಬುಡದಲ್ಲಿಯೇ ಏಕೆ ಬೆಳೆಯಿತು, ಅದರ ಫಲವನ್ನು ಯಾರು ಅನುಭವಿಸಿದರು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ದ್ವೀಪದ ಉದ್ದ ಸುಮಾರು 16 ಕಿಲೋಮೀಟರು, ಅಗಲ 11 ಕಿಲೋಮೀಟರು. ವಿಸ್ತೀರ್ಣ ಸುಮಾರು 102 ಚದರ ಕಿಲೋಮೀಟರು. ಅಟ್ಲಾಂಟಿಕ್ ಸಾಗರತಳದ ಶಿಲಾಫಲಕವು ಕರೀಬಿಯನ್ ಫಲಕದ ಅಡಿಗೆ ಜಾರುತ್ತಿರುವುದರಿಂದ ಉಂಟಾದ ಶಿಲಾರಸವು ಮೇಲೇರಿ ಇಲ್ಲಿಯ ದ್ವೀಪಮಾಲೆಯನ್ನು ಕಟ್ಟಿದೆ. ಮಾಂಟ್‌ಸೆರಾಟ್‌ನಲ್ಲಿ ಮೂರು ಪರ್ವತ ಸಮೂಹಗಳಿವೆ. ಉತ್ತರದ ಸಿಲ್ವರ್ ಹಿಲ್ಸ್ ಎಲ್ಲಕ್ಕಿಂತ ಹಳೆಯದು. ನಡುವಣದು ಸೆಂಟರ್ ಹಿಲ್ಸ್. ದಕ್ಷಿಣದ ಸೂಫ್ರಿಯೇರ್ ಹಿಲ್ಸ್ ಈಚಿನದು. ಹಳೆಯವೆರಡೂ ಆರಿಹೋಗಿವೆ, ದಕ್ಷಿಣದ್ದು ಮಾತ್ರ ಸಜೀವವಾಗಿದೆ. ಇದರ ಶಿಲಾರಸ ಬಹಳ ಮಂದವಾದುದು. ಅದು ಹರಿದುಹೋಗದೆ ಶಿಖರದಲ್ಲಿ ಗುಮ್ಮಟದಂತೆ ಬೆಳೆದು, ಕೊನೆಗೆ ಕುಸಿಯುತ್ತದೆ. ಆಗ ಕಾದ ಅನಿಲ, ಬೂದಿ, ಕಲ್ಲುಗಳ ಪ್ರವಾಹವು ಕಣಿವೆಗಳಲ್ಲಿ ಧಾವಿಸುತ್ತದೆ. ಅದರೆದುರು ಓಡಿ ಬದುಕುವುದು ಅಸಾಧ್ಯ.

1493ರಲ್ಲಿ ಕೊಲಂಬಸನು ಈ ದ್ವೀಪವನ್ನು ಕಂಡು, ಸ್ಪೇನಿನ ಮಠವೊಂದರ ಹೆಸರನ್ನು ಇದಕ್ಕಿಟ್ಟನು. 1632ರಲ್ಲಿ ಇದು ಇಂಗ್ಲಿಷರ ವಸಾಹತಾಯಿತು. ಮೊದಲ ನೆಲಸಿಗರಲ್ಲಿ ಐರಿಷ್ ಕ್ಯಾಥೊಲಿಕರು ಬಹುಸಂಖ್ಯಾತರು. ತರುವಾಯ ಕಬ್ಬಿನ ತೋಟಗಳೂ, ಅವುಗಳಲ್ಲಿ ದುಡಿಯಲು ಆಫ್ರಿಕದಿಂದ ತಂದ ಗುಲಾಮರೂ ಬಂದರು. ಶುಷ್ಕವಾದ ಉತ್ತರಭಾಗವು ತೋಟಗಾರರನ್ನು ಅಷ್ಟಾಗಿ ಸೆಳೆಯಲಿಲ್ಲ. ದಕ್ಷಿಣದ ಇಳಿಜಾರುಗಳಲ್ಲಿ ಅಗ್ನಿಪರ್ವತವೇ ಕೊಟ್ಟ ಫಲವತ್ತಾದ ಮಣ್ಣಿತ್ತು. ಪೂರ್ವದ ಮಾರುತಗಳಿಗೆ ಮರೆಯಾದ ಪಶ್ಚಿಮ ತೀರದಲ್ಲಿ ಹಡಗುಗಳು ಲಂಗರು ಹಾಕಬಹುದಾಗಿತ್ತು. ಸಕ್ಕರೆಯ ವ್ಯಾಪಾರಕ್ಕೆ ಇವೆರಡೂ ಅನುಕೂಲ. ಪ್ಲಿಮತ್ ಬೆಳೆದುದು ಹೀಗೆ. ಸಂಪತ್ತಿದ್ದಲ್ಲಿ ಅಧಿಕಾರವೂ ನೆಲೆಸಿತು.

1768ರ ಮಾರ್ಚ್ 17ರಂದು, ಸಂತ ಪ್ಯಾಟ್ರಿಕನ ಹಬ್ಬದ ದಿನ, ಗುಲಾಮರು ಹೂಡಿದ್ದ ಬಂಡಾಯದ ಗುಟ್ಟು ರಟ್ಟಾಗಿ ಅದರ ನಾಯಕರನ್ನು ಗಲ್ಲಿಗೇರಿಸಲಾಯಿತು. 1782ರಲ್ಲಿ ಫ್ರೆಂಚರು ಗೆದ್ದ ದ್ವೀಪವು ಮರುವರ್ಷದ ಒಪ್ಪಂದದಂತೆ ಬ್ರಿಟನ್ನಿಗೆ ಹಿಂದಿರುಗಿತು. 1834ರಲ್ಲಿ ಗುಲಾಮಗಿರಿ ರದ್ದಾಯಿತು. 1958ರ ವೆಸ್ಟ್ ಇಂಡೀಸ್ ಒಕ್ಕೂಟವು 1962ರಲ್ಲಿ ಮುರಿದುಬಿದ್ದ ಮೇಲೆ ನೆರೆಯ ದ್ವೀಪಗಳು ಸ್ವಾತಂತ್ರ್ಯದ ಕಡೆಗೆ ಸಾಗಿದರೂ ಮಾಂಟ್‌ಸೆರಾಟ್ ಬ್ರಿಟನ್ನಿನ ಅಧೀನದಲ್ಲಿಯೇ ಉಳಿಯಿತು.

ಪರ್ವತವು ಮುನ್ಸೂಚನೆ ಕೊಡದೆ ಇರಲಿಲ್ಲ. 1897-98, 1933-37, 1966-67ರಲ್ಲಿ ಭೂಕಂಪಗಳ ಸರಣಿಗಳು ಸಂಭವಿಸಿದುವು. ಆದರೆ ಸ್ಫೋಟವಾಗಲಿಲ್ಲವಾದ್ದರಿಂದ ಭಯ ಮಾಸಿತು. 1980ರ ದಶಕದ ಕೊನೆಯಲ್ಲಿ ವಾಜ್ ಮತ್ತು ಐಸಾಕ್ಸ್ ಎಂಬ ವಿಜ್ಞಾನಿಗಳು ಪ್ಲಿಮತ್ತಿಗಿರುವ ಅಪಾಯವನ್ನು ತೋರಿಸಿಕೊಟ್ಟರು. ಆದರೂ 1989ರ ಹ್ಯೂಗೊ ಚಂಡಮಾರುತದಿಂದ ಹಾಳಾದ ಪಟ್ಟಣವನ್ನು ಅದೇ ಸ್ಥಳದಲ್ಲಿ ಮತ್ತೆ ಕಟ್ಟಲಾಯಿತು.

1995ರ ಜುಲೈ 18ರಂದು ಪರ್ವತವು ಎಚ್ಚತ್ತಿತು. 1996ರ ಏಪ್ರಿಲಿನಲ್ಲಿ ಪ್ಲಿಮತ್ತನ್ನು ಕೊನೆಯ ಬಾರಿಗೆ ತೆರವು ಮಾಡಿಸಲಾಯಿತು. 1997ರ ಜೂನ್ 25ರಂದು ಗುಮ್ಮಟ ಕುಸಿದು 19 ಮಂದಿ ಮಡಿದರು. ನಿಷೇಧವಿದ್ದರೂ ಬೇಸಾಯಕ್ಕೆಂದು ಹೋಗಿದ್ದವರು ಅವರಲ್ಲಿದ್ದರು. ಅವರನ್ನು ಕೇವಲ ಅವಿವೇಕಿಗಳೆನ್ನುವುದು ನಮಗೆ ಸರಿದೋರದು. ಮೂರು ಶತಮಾನಗಳ ಆರ್ಥಿಕ ವ್ಯವಸ್ಥೆಯು ಒಳ್ಳೆಯ ಹೊಲವನ್ನು ಆ ಇಳಿಜಾರಿನಲ್ಲಿಯೇ ಇರಿಸಿತ್ತು. ಉತ್ತರದಲ್ಲಿ ಅವರಿಗೆ ಸಿಕ್ಕಿದ್ದು ಆಶ್ರಯ ಮಾತ್ರ, ಜೀವನೋಪಾಯವಲ್ಲ.

ಅದೇ ಆಗಸ್ಟಿನಲ್ಲಿ ಪ್ಲಿಮತ್ ನಾಶವಾಯಿತು. ಜನರ ಪ್ರತಿಭಟನೆಯಿಂದ ಮುಖ್ಯಮಂತ್ರಿ ಬರ್ಟ್ರಾಂಡ್ ಆಸ್ಬರ್ನ್ ರಾಜೀನಾಮೆಯಿತ್ತರು. ಸ್ಫೋಟಕ್ಕೆ ಮುಂಚೆ ಹತ್ತು ಸಾವಿರವನ್ನು ಮೀರಿದ್ದ ಜನಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಹಲವರು ಬ್ರಿಟನ್ನಿಗೆ ವಲಸೆ ಹೋದರು. ಸಾಗರೋತ್ತರ ಪ್ರದೇಶಗಳ ಜನರಿಗೆ ಪೂರ್ಣ ಬ್ರಿಟಿಷ್ ಪೌರತ್ವ ದೊರೆತುದು 2002ರಲ್ಲಿ. ಸರ್ಕಾರದ ಕಚೇರಿಗಳು ಉತ್ತರದ ಬ್ರೇಡ್ಸ್ ಎಂಬಲ್ಲಿಗೆ ಹೋದುವು. ತೋಟಗಾರರು ಕಡೆಗಣಿಸಿದ್ದ ಉತ್ತರವೇ ಉಳಿದವರ ಇಡೀ ನಾಡಾಯಿತು.

ಪ್ಲಿಮತ್ತನ್ನು ಸುಟ್ಟದ್ದು ಪ್ರಕೃತಿ. ಆದರೆ ಅದನ್ನು ಅಲ್ಲಿ ಕಟ್ಟಿದ್ದು ಮನುಷ್ಯರ ಲಾಭಾಪೇಕ್ಷೆ, ಅಲ್ಲಿಯೇ ಉಳಿಸಿದ್ದು ಆಡಳಿತದ ಅಭ್ಯಾಸ. ಇವೆರಡನ್ನೂ ಬಿಟ್ಟು ಈ ದುರಂತವನ್ನು ದೈವಿಕವೆಂದಷ್ಟೇ ಬರೆದರೆ, ಮಡಿದ ಬೇಸಾಯಗಾರರಿಗೆ ಚರಿತ್ರೆಯೂ ಅನ್ಯಾಯ ಮಾಡಿದಂತಾಗುತ್ತದೆ.