ಸ್ನಾತಕೋತ್ತರ ವ್ಯಾಸಂಗದ ಮೊದಲ ಆರು ತಿಂಗಳು

ನಮ್ಮ ಗಡಿಸೀಮೆಯ ಮನೆಗಳಲ್ಲಿ ಮಗನೋ ಮಗಳೋ ಬಿ.ಎ. ಮುಗಿಸಿದರೆಂದರೆ ಓದೇ ಮುಗಿಯಿತೆಂದು ತಿಳಿಯುವ ಕಾಲವೊಂದಿತ್ತು. ಈಗ ಹಾಗಿಲ್ಲ. ರಾಯದುರ್ಗದ ಕಡೆಯ ಮಕ್ಕಳು ಬಳ್ಳಾರಿಗೂ ಅನಂತಪುರಕ್ಕೂ, ಮಡಕಶಿರಾ ಕಡೆಯ ಮಕ್ಕಳು ತುಮಕೂರು, ಬೆಂಗಳೂರುಗಳಿಗೂ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಹೊರಡುತ್ತಿದ್ದಾರೆ. ಹೊರಡುವ ದಿನ ರೊಟ್ಟಿ, ಚಟ್ನಿಪುಡಿಗಳ ಗಂಟು ಸಿದ್ಧವಾಗುತ್ತದೆ; ನೆರೆಯವರು ಬಂದು ಹರಸುತ್ತಾರೆ. ಆದರೆ ದಸರೆಯ ರಜೆಗೆ ಊರಿಗೆ ಬಂದವರಲ್ಲಿ ಒಬ್ಬಿಬ್ಬರು ಮರಳಿ ಹೋಗುವುದೇ ಇಲ್ಲ. “ಅವನಿಗೆ ಓದು ಹತ್ತಲಿಲ್ಲ” ಎಂದು ಹೇಳಿ ಮನೆಯವರು ಸುಮ್ಮನಾಗುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾವೆಲ್ಲರೂ ಒಮ್ಮೆ ಯೋಚಿಸಬೇಕಾಗಿದೆ.

ಹಿಂದೆ ನಮ್ಮವರಿಗೆ ಉನ್ನತ ವ್ಯಾಸಂಗವೆಂದರೆ ದೂರದ ಮಾತು. 1916ರಲ್ಲಿ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ಆರಂಭವಾದರೂ ಅದಕ್ಕೂ ಮೇಲಿನ ಓದಿಗೆ ಮದರಾಸನ್ನೇ ನೆಚ್ಚಬೇಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿಯು ಮೈಸೂರಿಗೆ ಸೇರಿ, ಅದೇ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆಂಧ್ರದಲ್ಲಿ ಉಳಿಯಿತು. ಮರುವರ್ಷ ತಿರುಪತಿಯಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅನಂತಪುರದಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವೇ ಬೆಳೆದು 1981ರಲ್ಲಿ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವಾಯಿತು. ಗಡಿಯ ಆಚೆ ತುಮಕೂರಿನಲ್ಲಿ 2004ರಲ್ಲಿ, ಬಳ್ಳಾರಿಯಲ್ಲಿ 2010ರಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಹೀಗೆ ಹಾದಿಯ ದೂರ ಕಡಿಮೆಯಾಗಿದೆ. ಆದರೆ ನಮ್ಮ ಊರ ಶಾಲೆಯ ಕಲಿಕೆಗೂ ವಿಶ್ವವಿದ್ಯಾಲಯದ ಕಲಿಕೆಗೂ ನಡುವಣ ದೂರ ಹಾಗೆಯೇ ಉಳಿದಿದೆ. ಮಕ್ಕಳು ಎಡವುವುದು ಅಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ರೈತನ ಮಗನೊಬ್ಬ, ಇಂಟರ್‌ಮೀಡಿಯಟ್ ಮತ್ತು ಪದವಿಗಳನ್ನು ಆಂಧ್ರದಲ್ಲಿಯೇ ಮುಗಿಸಿ, ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ತರಗತಿಗೆ ಸೇರಿದ. ದಸರೆಗೆ ಬಂದವನು ದೀಪಾವಳಿ ಕಳೆದರೂ ಹೋಗಲಿಲ್ಲ. ಕಡಲೆಕಾಯಿ ಕಿತ್ತು ಮುಗಿದಿದ್ದರೂ ಹೊಲದಲ್ಲಿಯೇ ಹೊತ್ತು ಕಳೆಯುತ್ತಿದ್ದ. ಅವನ ತಂದೆ ಶಾಲೆಗೆ ಬಂದು, “ಮೇಷ್ಟ್ರೇ, ಏನು ಕೇಳಿದರೂ ಬಾಯಿ ಬಿಡುತ್ತಿಲ್ಲ. ನಿಮ್ಮ ಮಾತಾದರೆ ಕೇಳಿಯಾನು” ಎಂದರು.

ಸಂಜೆ ಹುಡುಗ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಬಳಿಕ ಒಂದೊಂದಾಗಿ ಹೇಳಿದ. ತರಗತಿಯಲ್ಲಿ ಮಾತನಾಡುವಾಗ ನಡುವೆ ತೆಲುಗು ಪದಗಳು ನುಸುಳಿ ಸಹಪಾಠಿಗಳು ನಕ್ಕರು. ಅಂದಿನಿಂದ ಬಾಯಿ ತೆರೆಯಲಿಲ್ಲ. ಪಾಠ ಅರ್ಥವಾಯಿತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹತ್ತು ಪುಸ್ತಕಗಳ ಹೆಸರು ಹೇಳಿ ಓದಿಕೊಂಡು ಬನ್ನಿರೆನ್ನುತ್ತಾರೆ. ಎಲ್ಲಕ್ಕಿಂತ ನೋವಿನ ಸಂಗತಿ ಕೊನೆಯಲ್ಲಿ ಬಂತು. ವಿಚಾರಗೋಷ್ಠಿಗಾಗಿ ಮೂರು ರಾತ್ರಿ ಕುಳಿತು, ಒಂದು ಗ್ರಂಥದಿಂದ ಹನ್ನೆರಡು ಪುಟಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ ಓದಿದ. ಅಧ್ಯಾಪಕರು ಎಲ್ಲವನ್ನೂ ಕೇಳಿ, “ಇದರಲ್ಲಿ ನಿನ್ನ ಮಾತು ಯಾವುದಪ್ಪಾ?” ಎಂದರಂತೆ.

“ಪುಸ್ತಕದಲ್ಲಿ ಇದ್ದ ಹಾಗೆ ಬರೆದೆ ಸಾರ್. ತಪ್ಪೇನು ಮಾಡಿದೆ?” ಎಂದು ಹುಡುಗ ನಮ್ಮನ್ನು ಕೇಳಿದ.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ಬರೆಯೆಂದು ಅವನಿಗೆ ಕಲಿಸಿದವರು ನಾವೇ. ಒಂದು ಸಾಲು ತಪ್ಪದೆ ಒಪ್ಪಿಸಿದವನಿಗೆ ಪೂರ್ಣ ಅಂಕ ಕೊಟ್ಟು, ಸ್ವಂತ ಮಾತಿನಲ್ಲಿ ಬರೆದವನಿಗೆ ಅರ್ಧ ಅಂಕ ಕಳೆದವರೂ ನಾವೇ. ಹತ್ತು ವರ್ಷ ಯಾವುದನ್ನು ಗುಣವೆಂದು ಹೊಗಳಿದೆವೋ ಅದು ವಿಶ್ವವಿದ್ಯಾಲಯದಲ್ಲಿ ದೋಷವಾಗುತ್ತದೆ. ದೋಷ ಮಾತ್ರವಲ್ಲ, ಸಂಶೋಧನಾ ಹಂತದಲ್ಲಿ ಅಪರಾಧವೂ ಹೌದು. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳಂತೆ ಪ್ರಬಂಧದಲ್ಲಿ ಅನ್ಯರ ಬರಹದೊಡನೆ ಹೋಲಿಕೆ ಶೇಕಡಾ 10ನ್ನು ಮೀರಿದರೆ ಕ್ರಮ ಕೈಗೊಳ್ಳಬಹುದು. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿ ಕಳುಹಿಸುವವರು ಯಾರು?

ಆದ್ದರಿಂದ ಹಿರಿಯರು ಮೊದಲು ಮನಗಾಣಬೇಕಾದುದು ಇಷ್ಟು. ಆರಂಭದ ತಿಂಗಳುಗಳ ಕಷ್ಟ ದಡ್ಡತನದ ಲಕ್ಷಣವಲ್ಲ. ಕೇಳಿ ಕಲಿಯುವ ಪದ್ಧತಿಯಿಂದ ಹುಡುಕಿ ಕಲಿಯುವ ಪದ್ಧತಿಗೆ ದಾಟುವಾಗ ಎಲ್ಲರಿಗೂ ಆಗುವ ತಡವರಿಕೆ ಅದು. ಒಟ್ಟಲು ಪಾತಿಯಿಂದ ಕಿತ್ತು ಗದ್ದೆಯಲ್ಲಿ ನೆಟ್ಟ ಪೈರು ಕೆಲವು ದಿನ ಬಾಡಿದಂತೆ ಕಾಣುತ್ತದೆ. ಬೇರು ಹಿಡಿಯುವ ಮೊದಲೇ ಅದನ್ನು ಮತ್ತೆ ಕೀಳುವ ರೈತನುಂಟೇ?

ನಾವು ಆ ಹುಡುಗನಿಗೆ ಉಪದೇಶ ಮಾಡಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಹಳೆಯ ಸೂತ್ರವೊಂದಿದೆ: ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ನಡೆಸಬೇಕು. ಅವನಿಗೆ ಗೊತ್ತಿದ್ದುದು ಹೇಮಾವತಿ. ಮಡಕಶಿರಾ ಸೀಮೆಯ ಈ ಊರೇ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ದೇಗುಲಗಳ ಅಂಗಳದಲ್ಲಿ ಅವನು ಬಾಲ್ಯದಲ್ಲಿ ಆಡಿದ್ದ. ಅಲ್ಲಿಂದ ಸಾಗಿಸಿದ ಶಿಲ್ಪಗಳು ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿರುವುದನ್ನು ಹಿರಿಯರಿಂದ ಕೇಳಿದ್ದ. “ಮುಂದಿನ ಗೋಷ್ಠಿಗೆ ಹೇಮಾವತಿಯ ಮೇಲೆ ಬರೆಯುವೆನೆಂದು ಕೇಳಿನೋಡು. ಗ್ರಂಥದಲ್ಲಿ ಏನಿದೆ, ನೀನು ಕಣ್ಣಾರೆ ಕಂಡದ್ದು ಏನು, ಎರಡನ್ನೂ ಬೇರೆಬೇರೆಯಾಗಿ ಬರೆ” ಎಂದೆವು. ಸೋಮವಾರದ ಬಸ್ಸಿಗೆ ಅವನು ಹೊರಟ.

ಭಾಷೆಯ ವಿಚಾರವನ್ನೂ ಇಲ್ಲಿ ಹೇಳಬೇಕು. ನಮ್ಮ ಮಕ್ಕಳ ಕನ್ನಡದಲ್ಲಿ ತೆಲುಗು ಬೆರೆತಿರುವುದು ನಿಜ. ಅನಂತಪುರದಲ್ಲಿ ಓದಿದರೆ ಅವರ ತೆಲುಗಿನಲ್ಲಿ ಕನ್ನಡ ಬೆರೆತಿದೆಯೆಂದು ಅಲ್ಲಿಯವರೂ ನಗುತ್ತಾರೆ. ಇದು ಕೊರತೆಯೆಂದು ಮಕ್ಕಳು ಕುಗ್ಗಬಾರದು. ಇದೇ ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣಶರ್ಮರು ತೆಲುಗು ಮನೆಮಾತಿನವರು. ಹುಡುಗನಾಗಿದ್ದಾಗಲೇ ಮೈಸೂರಿಗೆ ಹೋಗಿ ಪರಕಾಲ ಮಠದಲ್ಲಿ ಸಂಸ್ಕೃತ ಕಲಿತರು. ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಅಧ್ಯಾಪಕರಾಗಿದ್ದು, ಕನ್ನಡದಲ್ಲಿಯೂ ಬರೆದರು. ಎರಡು ನುಡಿಗಳ ನಡುವೆ ಬಾಳಿದ್ದು ಅವರ ವಿದ್ವತ್ತಿಗೆ ಅಡ್ಡಿಯಾಗಲಿಲ್ಲ. ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿ: ಹೇಮಾವತಿಯ ಶಾಸನಗಳು ಕನ್ನಡದಲ್ಲಿವೆ, ಇಂದಿನ ಕಂದಾಯದ ಕಾಗದಪತ್ರಗಳು ತೆಲುಗಿನಲ್ಲಿವೆ. ಎರಡನ್ನೂ ಓದಬಲ್ಲ ವಿದ್ಯಾರ್ಥಿ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆ.

ಮನೆಯಿಂದಲೇ ಹೋಗಿಬಂದು ಓದುವವರ ಕಷ್ಟ ಬೇರೆ ಬಗೆಯದು. ರಾಯದುರ್ಗದ ಹೆಣ್ಣುಮಗಳೊಬ್ಬಳು ದಿನವೂ ಬಳ್ಳಾರಿಗೆ ಹೋಗಿಬಂದು ಎಂ.ಕಾಂ. ಓದುತ್ತಿದ್ದಳು. ಬೆಳಗ್ಗೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಮರಳುವುದು. ಬಂದ ಮೇಲೆ ಪಾತ್ರೆ, ಅಡುಗೆ, ಬಂದ ನೆಂಟರು. ಓದು ಶುರುವಾಗುತ್ತಿದ್ದುದು ಎಲ್ಲರೂ ಮಲಗಿದ ಮೇಲೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯಗಳು ಉಳಿದುಹೋದವು. ಮದುವೆ ಮಾಡಿಬಿಡೋಣವೆಂದು ಮನೆಯಲ್ಲಿ ಮಾತೆದ್ದಾಗ ಆಕೆಯ ಅಜ್ಜಿಯೇ ಅಡ್ಡ ಬಂದು, “ಮೊದಲು ಅವಳಿಗೆ ಸಂಜೆ ಎರಡು ಗಂಟೆ ಬಿಡುವು ಕೊಡಿ, ಆಮೇಲೆ ಅವಳ ಬುದ್ಧಿ ಅಳೆಯಿರಿ” ಎಂದರಂತೆ. ಒಂದು ಮೇಜು, ಒಂದು ದೀಪ, ಎರಡು ಗಂಟೆಗಳ ಬಿಡುವು ದೊರೆತವು. ಉಳಿದಿದ್ದ ಎರಡು ವಿಷಯಗಳೂ ಮುಂದಿನ ಸಲ ತೇರ್ಗಡೆಯಾದವು.

ಇನ್ನು ವ್ಯವಹಾರದ ಮಾತುಗಳು. ರಾಜ್ಯ ದಾಟಿ ಓದುವವರು ಹಿಂದಿನ ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು. ಆಂಧ್ರದಲ್ಲಿ ಪಡೆದ ಹಿಂದುಳಿದ ವರ್ಗದ ಪ್ರಮಾಣಪತ್ರದಿಂದ ಕರ್ನಾಟಕದ ಮೀಸಲಾತಿಯೂ ದೊರೆಯುವುದೆಂದು ನಂಬಿ ಕೂಡಬಾರದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ನಿಯಮವುಂಟು. ಸ್ನಾತಕೋತ್ತರ ತರಗತಿಗಳಿಗಾದರೋ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯನ್ನೇ ಪ್ರತಿವರ್ಷ ನೋಡಬೇಕು. ಮುಂದೆ ಅಧ್ಯಾಪಕ ವೃತ್ತಿಯನ್ನು ಬಯಸುವವರಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಿದೆ. ಅದರಲ್ಲಿ ಕನ್ನಡವೂ ಒಂದು ವಿಷಯ. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಪಿಎಚ್.ಡಿ.ಗೆ ಸೇರಿದ ಮಕ್ಕಳನ್ನು “ಯಾವಾಗ ಮುಗಿಯುತ್ತದೆ?” ಎಂದು ಹಬ್ಬಹಬ್ಬಕ್ಕೂ ಕೇಳುವ ಬಂಧುಗಳು, 2022ರ ನಿಯಮದಂತೆ ಅದಕ್ಕೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷಗಳ ಅವಧಿಯಿದೆಯೆಂಬುದನ್ನು ನೆನಪಿಡುವುದು ಒಳ್ಳೆಯದು.

ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುವಾಗ “ಎಷ್ಟು ಅಂಕ ಬಂತು?” ಎಂಬುದಕ್ಕೆ ಮೊದಲು “ಈ ವಾರ ಏನು ಓದಿದೆ? ಊಟ ಹೇಗಿದೆ? ಗೆಳೆಯರು ಯಾರು?” ಎಂದು ಕೇಳೋಣ. ಮಗು ಹೆಚ್ಚು ಮಾತನಾಡದಿದ್ದರೆ ಅದನ್ನು ಅಹಂಕಾರವೆಂದು ಭಾವಿಸದೆ, ಒಮ್ಮೆ ಹೋಗಿ ನೋಡಿಕೊಂಡು ಬರೋಣ. ಮಕ್ಕಳೂ ಅಷ್ಟೇ, ತಿಳಿಯದುದನ್ನು ಅಧ್ಯಾಪಕರಲ್ಲಿ ಕೇಳಲು, ಗ್ರಂಥಪಾಲಕರ ನೆರವು ಬೇಡಲು ನಾಚಬಾರದು.

ಆ ಹುಡುಗನಿಗೆ ಎಂ.ಎ.ಯಲ್ಲಿ ಪ್ರಥಮ ದರ್ಜೆ ಬರಲಿಲ್ಲ, ದ್ವಿತೀಯ ದರ್ಜೆ ಬಂತು. ಆದರೆ ಹೇಮಾವತಿಯ ಮೇಲೆ ಓದಿದ ಪ್ರಬಂಧದ ಒಂದು ಪ್ರತಿಯನ್ನು ನಮಗೆ ತಂದುಕೊಟ್ಟ. ಅದರಲ್ಲಿ ಅಕ್ಷರ ಮೊದಲಿನಷ್ಟು ಅಂದವಾಗಿರಲಿಲ್ಲ. ಅಲ್ಲಲ್ಲಿ ಹೊಡೆದುಹಾಕಿ ತಿದ್ದಿದ ಗುರುತುಗಳಿದ್ದವು. ಎಂಟು ಪುಟಗಳಲ್ಲಿ ಐದು ಅವನ ಸ್ವಂತ ಮಾತುಗಳಾಗಿದ್ದವು. ಅಂದಿನಿಂದ ನಮ್ಮ ಶಾಲೆಯ ಕಪ್ಪುಹಲಗೆಯ ಮೇಲೆ ವಾರಕ್ಕೊಮ್ಮೆ ಒಂದು ಪ್ರಶ್ನೆ ಬರೆಯುತ್ತೇವೆ. ಅದರ ಉತ್ತರ ಯಾವ ಪಠ್ಯಪುಸ್ತಕದಲ್ಲಿಯೂ ಇರುವುದಿಲ್ಲ. ಊರಿನಲ್ಲಿ ವಿಚಾರಿಸಿ, ಸ್ವಂತ ಮಾತಿನಲ್ಲಿ ಬರೆದು ತರಬೇಕು. ತಪ್ಪಾಗಿ ಬರೆದವರಿಗೆ ಅಂಕ ಕಳೆಯುವುದಿಲ್ಲ.